ಮರಗೆಲಸದ ಯಂತ್ರಗಳ ರೋಗನಿದಾನ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಬಡಗಿಗಳ ಕೊಟ್ಟಿಗೆಗಳಲ್ಲಿ ಹಿಂದೆ ಕೇಳಿಬರುತ್ತಿದ್ದುದು ಉಜ್ಜುಗೊರಡಿನ ಸರಸರ ಸದ್ದು. ಇಂದು ವಿದ್ಯುತ್ ಪ್ಲೇನರು, ಚಕ್ರಗರಗಸ, ಡ್ರಿಲ್ಲುಗಳ ಘೋಷವೇ ಪ್ರಧಾನವಾಗಿದೆ. ಕಾಡಿನಂಚಿನ ನಾಡಾದುದರಿಂದ ತೇಗ, ಬೀಟೆ, ಹೊನ್ನೆ, ಮತ್ತಿಗಳ ಗುಣಸ್ವಭಾವ ಇಲ್ಲಿಯ ಕೈಗಳಿಗೆ ತಲೆಮಾರುಗಳಿಂದ ಪರಿಚಿತ. ಮೋಟಾರಿನ ಗುಣಸ್ವಭಾವ ಮಾತ್ರ ಹೊಸದು. ವ್ಯಾಕರಣ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ಕೇಳುವವರುಂಟು. ಕಾರಣವನ್ನು ನಿವೇದಿಸುತ್ತೇನೆ.

ಬಾಗಿಲು ಕಿಟಕಿಗಳ ಕೆಲಸ ಮಾಡುವ ನನ್ನ ಹಳೆಯ ಶಿಷ್ಯನೊಬ್ಬ ಒಂದು ಸಂಜೆ ಪ್ಲೇನರನ್ನು ಚೀಲದಲ್ಲಿ ಹೊತ್ತು ಮನೆಗೆ ಬಂದ. "ಗುರುಗಳೇ, ಆರ್ಮೇಚರ್ ಸುಟ್ಟಿದೆಯಂತೆ. ಹೊಸ ಯಂತ್ರದ ಅರ್ಧ ಬೆಲೆ ಕೇಳುತ್ತಾರೆ. ಗೃಹಪ್ರವೇಶದ ಮನೆಯ ಕೆಲಸ ನಿಂತಿದೆ" ಎಂದ. ಸಾಲದ ಮಾತನ್ನೂ ಎತ್ತಿದ. ನೆರೆಮನೆಯ ನಿವೃತ್ತ ವಿದ್ಯುತ್ ಕೆಲಸಗಾರರೊಬ್ಬರನ್ನು ಕರೆಸಿ ಬಿಚ್ಚಿಸಿದೆವು. ಕಾರ್ಬನ್ ಬ್ರಷ್ ಎಂಬ ಇದ್ದಿಲಿನ ತುಂಡು ಸವೆದು ಉಗುರಿನಷ್ಟು ಉಳಿದಿತ್ತು. ಸ್ಪ್ರಿಂಗ್ ಅದನ್ನು ಒತ್ತಿಹಿಡಿಯಲಾರದೆ ಸೋತಿತ್ತು. ಸುಟ್ಟುದೇನೂ ಇರಲಿಲ್ಲ. ಒಂದು ಜೊತೆ ಬ್ರಷ್ಷಿನಿಂದ ಯಂತ್ರ ಎದ್ದುನಿಂತಿತು. ಅಂದಿನಿಂದ ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು.

ಆಯುರ್ವೇದದಲ್ಲಿ ರೋಗಕಾರಣವನ್ನು ಅರಿಯುವುದಕ್ಕೆ ನಿದಾನವೆಂದು ಹೆಸರು. ಅಲ್ಪಪ್ರಾಣದ ಈ ನಿದಾನಕ್ಕೂ ನಾವು ಆಡುವ ಮಹಾಪ್ರಾಣದ ನಿಧಾನಕ್ಕೂ ಶಬ್ದಸಂಬಂಧವಿಲ್ಲ. ಕಾರ್ಯಸಂಬಂಧ ಮಾತ್ರ ಧಾರಾಳವಾಗಿದೆ.

ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳತಕ್ಕದ್ದು. ಸ್ವಿಚ್ಚು ಆರಿಸಿದರೆ ಸಾಲದು. ತಂತಿ ಒಳಗೇ ತುಂಡಾಗಿದ್ದರೆ ಅಲುಗಿಸಿದಾಗ ಸಂಪರ್ಕ ಕೂಡಿ, ಬೆರಳು ಅಲಗಿನ ಬಳಿ ಇರುವಾಗಲೇ ಯಂತ್ರ ತಿರುಗಿಬಿಡಬಹುದು. ತಂತಿ ಬಹುಮಟ್ಟಿಗೆ ತುಂಡಾಗುವುದು ಹಿಡಿಯೊಳಗೆ ಹೊಗುವ ಬಾಗಿನಲ್ಲಿಯೇ. ಆ ಬಳಿಕ ಸ್ವಿಚ್ಚನ್ನು ನೋಡಬೇಕು. ಮರದ ಹುಡಿ ಅದರಲ್ಲಿ ತುಂಬಿಕೊಳ್ಳುವುದು ಸಾಮಾನ್ಯ.

ಯಂತ್ರ ತಿರುಗಿದರೂ ಬಲವಿಲ್ಲದಿದ್ದರೆ ಅಲಗನ್ನು ಪರೀಕ್ಷಿಸಿರಿ. ತೇಗದಲ್ಲಿ ಮರಳಿನ ಅಂಶವಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ಮೊಂಡು ಅಲಗಿನ ಹೊರೆಯೆಲ್ಲ ಮೋಟಾರಿನ ಮೇಲೆ ಬೀಳುತ್ತದೆ. ಅನಂತರ ವಿದ್ಯುತ್ತು. 230 ವೋಲ್ಟ್ ಇರಬೇಕಾದುದು, ತೆಳ್ಳನೆಯ ಉದ್ದ ತಂತಿಯ ಕೊನೆಯಲ್ಲಿ 184ಕ್ಕೆ ಇಳಿದರೆ, ಅಂದರೆ ನೂರಕ್ಕೆ 80 ಆದರೆ, ಇಂಡಕ್ಷನ್ ಮೋಟಾರಿನ ತಿರುಗುಬಲ 80 ಆಗುವುದಿಲ್ಲ, ವರ್ಗದ ಲೆಕ್ಕದಲ್ಲಿ 64ಕ್ಕೆ ಕುಸಿಯುತ್ತದೆ. ಕಾಯಿಲ್ ಕಾಯುವುದು ಆಗಲೇ.

ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರಷ್ಷಿನ ಮೋಟಾರು. ಬ್ರಷ್ಷುಗಳಲ್ಲಿ ಒಂದು ಸವೆದಿದ್ದರೂ ಎರಡನ್ನೂ ಬದಲಿಸಬೇಕು. ಹೊಸವು ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಅವು ಉಜ್ಜುವ ತಾಮ್ರದ ಪಟ್ಟಿಗಳ ಸಿಲಿಂಡರಿಗೆ ಕಮ್ಯುಟೇಟರ್ ಎಂದು ಹೆಸರು. ಅಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಅಂಜಬೇಕಾಗಿಲ್ಲ. ಬೆಂಕಿಯ ಬಳೆಯಂತೆ ಸುತ್ತಲೂ ಉರಿದರೆ, ಒಂದೆರಡು ಪಟ್ಟಿ ಮಾತ್ರ ಕರಕಲಾಗಿದ್ದರೆ, ಆಗ ಆರ್ಮೇಚರಿನ ಸುರುಳಿಯಲ್ಲಿಯೇ ದೋಷವೆಂದು ಶಂಕಿಸಬೇಕು. ಕೇವಲ ಕೊಳೆಯಾಗಿದ್ದರೆ ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಗಳ ನಡುವಣ ಸಂದುಗಳನ್ನು ಶುದ್ಧಮಾಡಿದರಾಯಿತು. ಎಮರಿ ಕಾಗದ ಸಲ್ಲದು. ಅದರ ಕಣಗಳು ಸಂದಿನಲ್ಲಿ ಸಿಕ್ಕಿ ಉಪದ್ರವ ಕೊಡುತ್ತವೆ. ಕೈಯಿಂದ ತಿರುಗಿಸಿದಾಗ ಗರಗರ ಎಂದರೆ ಅಥವಾ ದಂಡ ಅಲ್ಲಾಡಿದರೆ ಬೇರಿಂಗ್ ಹೋಗಿದೆಯೆಂದು ತಿಳಿಯಿರಿ.

ಮೇಜಿನ ಗರಗಸದ ಒಂದು ಫೇಸಿನ ಮೋಟಾರು ಗುಂಯ್ಗುಟ್ಟುತ್ತ ಏಳದೆ ನಿಂತರೆ ಕೂಡಲೇ ಆರಿಸಿರಿ. ಬಹುಶಃ ಕಂಡೆನ್ಸರು, ಇಲ್ಲವೆ ಏಳುವ ಕಾಲಕ್ಕೆ ಮಾತ್ರ ಕೆಲಸಮಾಡುವ ಒಳಸ್ವಿಚ್ಚು ಕೆಟ್ಟಿರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿರುವ ಸಂಭವವಿದೆ. ಬಲ್ಲವರಿಂದ ಅದನ್ನು ಇಳಿಸದೆ ಮುಟ್ಟಕೂಡದು. ಸಾಮಿಲ್ಲುಗಳ ಮೂರು ಫೇಸಿನ ಮೋಟಾರಿಗೆ ಬೇರೊಂದು ಮೃತ್ಯುವಿದೆ. ಒಂದು ಫ್ಯೂಸು ಹೋದರೆ ಅದು ಉಳಿದ ಎರಡರ ಮೇಲೆಯೇ ಹೊರೆ ಎಳೆಯುತ್ತ, ಹೊರಗೆ ಏನೂ ತೋರಗೊಡದೆ, ಒಳಗೆ ಬೇಯುತ್ತದೆ. ಫೇಸು ತಪ್ಪಿದೊಡನೆ ಸಂಪರ್ಕ ಕಡಿಯುವ ರಿಲೇ ಇಲ್ಲದ ಸಾಮಿಲ್ಲಿನಲ್ಲಿ ಮೋಟಾರು ಸುಟ್ಟರೆ ಮೋಟಾರನ್ನು ದೂರುವುದು ಅನ್ಯಾಯ.

ನಿಜವಾಗಿಯೂ ಕಾಯಿಲ್ ಕಟ್ಟಿಸಬೇಕಾಗಿ ಬಂದರೆ ಸುಟ್ಟ ಸುರುಳಿಯನ್ನು ಎಸೆಯಗೊಡಬೇಡಿರಿ. ಸುತ್ತುಗಳ ಸಂಖ್ಯೆ, ತಂತಿಯ ದಪ್ಪ ಇವು ಮೊದಲಿನಂತೆಯೇ ಇರಬೇಕು. ತೆಳು ತಂತಿ ಹಾಕಿದ ಮೋಟಾರು ಬಹುಕಾಲ ಬಾಳದು. ನನ್ನ ಶಿಷ್ಯನಂತೂ ಈಗ ಪೆಟ್ಟಿಗೆಯಲ್ಲಿ ಎರಡು ಜೊತೆ ಬ್ರಷ್ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಾನೆ.