ಯಂತ್ರವಾದ್ಯಗಳ ತಾಳಮೇಳ

ನಮ್ಮ ಮುದ್ದೇಬಿಹಾಳ ಸೀಮೆಯ ಭಜನಾಮೇಳವನ್ನು ಕೇಳಿದವರೆಲ್ಲರೂ ಬಲ್ಲರು: ಪೇಟಿ, ತಬಲಾ, ಹಾಡಿಕೆ ಬೇರೆ ಬೇರೆಯಾದರೂ ತಾಳ ಹಿಡಿದವನ ಕೈ ಎಲ್ಲವನ್ನೂ ಒಂದೇ ನಡೆಯಲ್ಲಿಟ್ಟಿರುವದು. ಸ್ವರಗಳನ್ನು ಸರದಿಯಾಗಿ ಬರೆದಿಟ್ಟುಕೊಂಡು ನುಡಿಸುವ ಸೀಕ್ವೆನ್ಸರ್ ಎಂಬ ತಂತ್ರಾಂಶಕ್ಕಾಗಲಿ ತಾಳಯಂತ್ರಕ್ಕಾಗಲಿ ಕಿವಿಯಿಲ್ಲ. ಆದುದರಿಂದ ಅವುಗಳಿಗೆ ತಾಳವನ್ನು ತಂತಿಯ ಮೂಲಕ ಮುಟ್ಟಿಸಬೇಕಾಗುವದು.

ಎರಡೂ ಯಂತ್ರಗಳಿಗೆ ನಿಮಿಷಕ್ಕೆ 100 ಮಾತ್ರೆಯ ವೇಗವನ್ನು ಗೊತ್ತುಮಾಡಿ ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರೆ ಸಾಲದೇ ಎಂದು ಪಾಲಕರು ಕೇಳಬಹುದು. ಸಾಲದು. ಪ್ರತಿಯೊಂದು ಯಂತ್ರವು ತನ್ನ ಒಳಗಿನ ಗಡಿಯಾರವನ್ನೇ ನಂಬಿ ನಡೆಯುವದು. ಒಂದರ ಗಡಿಯಾರವು ಸಾವಿರಕ್ಕೆ ಒಂದಂಶ ಮುಂದೋಡಿದರೂ 5 ನಿಮಿಷಗಳಲ್ಲಿ ಸೆಕೆಂಡಿನ ಹತ್ತರಲ್ಲಿ 3 ಭಾಗದಷ್ಟು ಅಂತರ ಬೀಳುವದು; ಆ ವೇಗದಲ್ಲಿ ಇದು ಅರ್ಧ ಮಾತ್ರೆ. ಸ್ನೇಹಸಮ್ಮೇಳನದ ಕೋಲಾಟದಲ್ಲಿ ಹುಡುಗಿಯ ಹೆಜ್ಜೆ ತಪ್ಪಿತೆಂದು ಗದರಿಸುವ ಮೊದಲು ಯಂತ್ರಗಳನ್ನು ಪರೀಕ್ಷಿಸುವದು ನ್ಯಾಯವು.

ಅಮೇರಿಕದ ಡೇವ್ ಸ್ಮಿತ್, ಜಪಾನದ ಇಕುತಾರೊ ಕಾಕೆಹಾಶಿ ಮೊದಲಾದವರ ಪ್ರಯತ್ನದಿಂದ 1983ರಲ್ಲಿ ಮಿಡಿ ಎಂಬ ಪದ್ಧತಿಯು ಬಳಕೆಗೆ ಬಂದಿತು. (ಈ ಹೆಸರು ನಮ್ಮ ‘ಮಿಡಿತ’ಕ್ಕೆ ಹೊಂದಿಕೊಂಡದ್ದು ಆಕಸ್ಮಿಕವಷ್ಟೇ.) ಇದರಲ್ಲಿ ಒಂದು ಯಂತ್ರವು ಮುಮ್ಮೇಳ, ಉಳಿದವು ಹಿಮ್ಮೇಳ. ಮುಮ್ಮೇಳವು ಮಾತ್ರೆಗೆ 24ರಂತೆ, ಎಂದರೆ ಮೇಲೆ ಹೇಳಿದ ವೇಗದಲ್ಲಿ ಸೆಕೆಂಡಿಗೆ 40ರಂತೆ, ಮಿಡಿತಗಳನ್ನು ಕಳುಹಿಸುತ್ತಿರುವದು. ಮಿಡಿತದಲ್ಲಿ ಸ್ವರವಿಲ್ಲ, ವೇಗದ ಅಂಕಿಯೂ ಇಲ್ಲ. ಎರಡು ಮಿಡಿತಗಳ ನಡುವಣ ಅವಧಿಯಿಂದಲೇ ಹಿಮ್ಮೇಳವು ವೇಗವನ್ನು ಅರಿತುಕೊಳ್ಳುವದು. ಆರಂಭಿಸು, ನಿಲ್ಲಿಸು, ಮುಂದುವರಿಸು ಎಂಬ ಆಜ್ಞೆಗಳು ಬೇರೆ. ಹಾಡಿನ ನಡುವಿನಿಂದ ಹೊರಡಬೇಕಾದರೆ ಸ್ಥಾನಸೂಚನೆಯೆಂಬ ಇನ್ನೊಂದುಂಟು. ಇದು 6 ಮಿಡಿತ, ಅಂದರೆ ಕಾಲು ಮಾತ್ರೆಯ ಲೆಕ್ಕದಲ್ಲಿ ಎಣಿಸುವದು. 16 ಮಾತ್ರೆಯ ತೀನತಾಲದ ಮೂರನೆಯ ಆವರ್ತನದಿಂದ ನುಡಿಸಬೇಕೆಂದರೆ 128 ಎಂಬ ಅಂಕಿಯು ಹೋಗುವದು.

ಆದರೆ ‘ಸಮ’ ಎಲ್ಲಿ ಬೀಳುವದೆಂಬುದನ್ನು ಮಿಡಿತವು ಹೇಳದು. ಮೇಲಾಗಿ 24ನ್ನು 2, 3, 4ರಿಂದ ಭಾಗಿಸಬಹುದು. 5, 7ರಿಂದ ಆಗದು. ಝಪತಾಲದ 10 ಮಾತ್ರೆಗಳಿಗೆ ಇದರಿಂದ ತೊಂದರೆಯಿಲ್ಲ. ಒಂದೇ ಮಾತ್ರೆಯನ್ನು ಐದಾಗಿ ಒಡೆಯುವ ಖಂಡ ನಡೆಗೆ ಮಾತ್ರ ಪೆಟ್ಟುಗಳು ಮಿಡಿತಗಳ ನಡುವೆ ಬೀಳುವವು, ಯಂತ್ರವು ಅಂದಾಜಿನಿಂದ ನಡೆಯಬೇಕು. ಈ ಪದ್ಧತಿಯನ್ನು ಕಟ್ಟಿದವರು ನಮ್ಮ ಲಯಕಾರರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲವೆಂದೇ ತೋರುವದು.

ಜೋಡಿಸುವಾಗ ಮುಮ್ಮೇಳದಲ್ಲಿ ಗಡಿಯಾರವನ್ನು ‘ಕಳುಹಿಸು’ ಎಂದೂ, ಹಿಮ್ಮೇಳದಲ್ಲಿ ‘ಹೊರಗಿನದು’ ಎಂದೂ ಇಡಬೇಕು. ಎರಡನ್ನೂ ಮುಮ್ಮೇಳ ಮಾಡಿದರೆ ಹಳೆಯ ಜಗಳವೇ. ಗಣಕಯಂತ್ರವು ಧ್ವನಿಯನ್ನು ತುಸು ತಡವಾಗಿ ಹೊರಡಿಸುವದುಂಟು. ಅದನ್ನು ಕಿವಿಯಿಂದ ಕೇಳಿ, ತಂತ್ರಾಂಶದಲ್ಲಿಯ ಅಂತರದ ಅಂಕಿಯನ್ನು ಹಿಂದೆಮುಂದೆ ಸರಿಸಿ ತಿದ್ದಿಕೊಳ್ಳಬೇಕು.

2016ರಲ್ಲಿ ಏಬಲ್ಟನ್ ಸಂಸ್ಥೆಯು ಹೊರತಂದ ಲಿಂಕ್ ಎಂಬ ಪದ್ಧತಿಯಲ್ಲಿ ಮುಮ್ಮೇಳವೇ ಇಲ್ಲ. ಒಂದೇ ಜಾಲದಲ್ಲಿರುವ ಯಂತ್ರಗಳಲ್ಲಿ ಯಾವುದು ವೇಗ ಬದಲಿಸಿದರೂ ಉಳಿದವು ಒಪ್ಪಿಕೊಳ್ಳುವವು. ಸಾಲೆಯ ರಂಗಸ್ಥಳಕ್ಕೆ ಮಾತ್ರ ಮುಮ್ಮೇಳವುಳ್ಳ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ; ಲಯ ಕೆಟ್ಟರೆ ಮೊದಲು ಯಾವ ಪೆಟ್ಟಿಗೆಯನ್ನು ನೋಡಬೇಕೆಂಬುದು ಗೊತ್ತಿರುವದು.