‘ಚೌಕ ಎಂದರೆ’: ಕಂಪ್ಯೂಟರಿಗೆ ಹೊಸ ಪದ ಕಲಿಸೋಣ



ನಿಮ್ಮ ಊರಿನ ಭಜನೆ ಪುಸ್ತಕ ತೆರೆದು ನೋಡಿ. ಪಲ್ಲವಿ ಒಂದೇ ಸಲ ಅಚ್ಚಾಗಿರುತ್ತೆ. ಪ್ರತಿ ಚರಣದ ಕೊನೆಗೆ ‘ಪ’ ಅಂತ ಒಂದೇ ಅಕ್ಷರ. ಹಾಡುವವರು ಮೇಲಕ್ಕೆ ಹೋಗಿ ಪಲ್ಲವಿ ಹಾಡಿ, ಬಿಟ್ಟ ಜಾಗಕ್ಕೇ ವಾಪಸ್ ಬರುತ್ತಾರೆ. ಪ್ರೋಗ್ರಾಮಿನಲ್ಲಿ ಈ ಕೆಲಸ ಮಾಡುವುದೇ ಫಂಕ್ಷನ್. ಬಿಟ್ಟ ಜಾಗ ಯಾವುದೆಂದು ಯಂತ್ರ ನೆನಪಿಡಬೇಕಲ್ಲ? ಕೇಂಬ್ರಿಡ್ಜ್‌ನಲ್ಲಿ 1949ರಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಕಂಪ್ಯೂಟರಿಗೆ ಅದರ ಉಪಾಯ ಹುಡುಕಿಕೊಟ್ಟವರು ಡೇವಿಡ್ ವೀಲರ್.

ಪರದೆಯ ಮೇಲೆ ಒಂದು ಆಮೆ ಇದೆ ಅಂದುಕೊಳ್ಳಿ. ಚೌಕ ಬರೆಯಲು ‘ಮುಂದೆ 100, ಬಲಕ್ಕೆ 90’ ಎಂದು 4 ಸಲ ಹೇಳಬೇಕು. ಹೀಗೇ 10 ಚೌಕ ಬರೆದಿರಿ. ಈಗ ಎಲ್ಲದರ ಅಳತೆ 120 ಆಗಬೇಕೆಂದರೆ 40 ಕಡೆ ತಿದ್ದಬೇಕು! ಒಂದು ಕಡೆ ಮರೆತರೂ ಚೌಕ ಕೂಡುವುದಿಲ್ಲ. ಅದಕ್ಕೇ ಚೌಕಕ್ಕೆ ಒಂದು ಹೆಸರಿಟ್ಟು, ಆ ಹೆಸರನ್ನೇ ಮತ್ತೆ ಮತ್ತೆ ಕರೆಯುವುದು.

ಹೆಸರಿಡುವ ಸಾಲನ್ನು ಹೇಗೆ ಬರೆಯಬೇಕು? 1967ರ ಲೋಗೋ ಭಾಷೆಯಲ್ಲಿ ‘ಟು’, ಪೈಥಾನ್‌ನಲ್ಲಿ ‘ಡೆಫ್’, ಕೆ-ಟರ್ಟಲ್‌ನಲ್ಲಿ ‘ಲರ್ನ್’, ಅಂದರೆ ‘ಕಲಿ’. ನನಗೆ ಹಿಡಿಸಿದ್ದು ‘ಲರ್ನ್’. ‘ಡೆಫ್’ ಚಿಕ್ಕದು ನಿಜ, ಆದರೆ ಇಂಗ್ಲಿಷ್ ಬಾರದವನಿಗೆ ಅದು ಬರೀ ಮೂರು ಅಕ್ಷರ.

ಕನ್ನಡದಲ್ಲಿ ನಾವೇ ಒಂದು ಭಾಷೆ ಕಟ್ಟಿದರೆ? ಇಂಗ್ಲಿಷ್ ಪದವನ್ನು ಅನುವಾದಿಸಿ ಮೊದಲಿಗೆ ಕೂರಿಸಬೇಡಿ. ನಮ್ಮ ಮಾತಿನಲ್ಲಿ ಹೆಸರು ಮೊದಲು, ಕ್ರಿಯೆ ಕೊನೆಗೆ:

ಚೌಕ ಎಂದರೆ: 4 ಸಲ (ಮುಂದೆ 100, ಬಲಕ್ಕೆ 90) ಇಷ್ಟೇ

ಕರೆಯುವಾಗ: ಚೌಕ ಬರೆ

‘ಎಂದರೆ’ ಕಂಡ ಕೂಡಲೇ ವಿವರಣೆ ಶುರು, ‘ಇಷ್ಟೇ’ ಕಂಡರೆ ಮುಗಿಯಿತು. ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನಿಮಗೆ ಇನ್ನೊಂದು ಲಾಭವಿದೆ. ತೆಲುಗಿನ ‘ಅಂಟೇ’ ಕೂಡ ಹೀಗೇ ಹೆಸರಿನ ನಂತರ ಬರುತ್ತೆ. ಪಕ್ಕದ ತೆಲುಗು ಮೀಡಿಯಂ ಗೆಳೆಯನಿಗೂ ಈ ಸಾಲು ಬೇಗ ಅರ್ಥವಾದೀತು.

ಆದರೆ ಒಂದು ತೊಡಕಿದೆ, ವಿಭಕ್ತಿ ಪ್ರತ್ಯಯ. ಚೌಕ, ಚೌಕವನ್ನು, ಚೌಕದ, ಚೌಕಕ್ಕೆ: ನಮಗೆ ಇವೆಲ್ಲ ಒಂದೇ ಪದದ ರೂಪಗಳು, ಕಂಪ್ಯೂಟರಿಗೆ ನಾಲ್ಕು ಬೇರೆ ಹೆಸರುಗಳು. ಪರಿಹಾರ ಆಡುಮಾತಿನಲ್ಲೇ ಇದೆ. ಮನೆಯಲ್ಲಿ ‘ಅನ್ನವನ್ನು ತಿನ್ನು’ ಅಂತ ಯಾರಾದರೂ ಹೇಳ್ತಾರಾ? ‘ಅನ್ನ ತಿನ್ನು’ ಅಷ್ಟೇ. ಹಾಗಾಗಿ ‘ಚೌಕ ಬರೆ’ ಸಾಕು.

ಇದ್ದುದಕ್ಕೆ ಇನ್ನಷ್ಟು ಸೇರಿಸುವಾಗಲೂ ಇದೇ ಪ್ರಶ್ನೆ. ಸಿ ಪ್ಲಸ್ ಪ್ಲಸ್‌ನಲ್ಲಿ ಅದಕ್ಕೆ ಬರೀ ‘:’ ಗುರುತು, ಜಾವಾದಲ್ಲಿ ‘ಎಕ್ಸ್‌ಟೆಂಡ್ಸ್’ ಎಂಬ ಪದ. ನಮ್ಮಲ್ಲಿ ‘ಬಣ್ಣಚೌಕ ಎಂದರೆ: ಚೌಕ, ಜೊತೆಗೆ ಕೆಂಪು ತುಂಬು ಇಷ್ಟೇ’ ಎನ್ನಬಹುದು.

ಚಟುವಟಿಕೆ: ಲೇಪಾಕ್ಷಿಯ ಲತಾಮಂಟಪದ ಕಂಬಗಳಲ್ಲಿ ಸೀರೆಯ ಅಂಚಿಗೆ ಇಳಿದ ಚಿತ್ತಾರಗಳಿವೆ. ಅಂಥದ್ದೊಂದನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ, ‘ಹೂವು ಎಂದರೆ:’ ಎಂದು ಶುರುಮಾಡಿ ಬರೆಯಿರಿ. ಚಿತ್ರ ಮುಚ್ಚಿಟ್ಟು, ಬರಹ ಮಾತ್ರ ಗೆಳೆಯರಿಗೆ ಕೊಟ್ಟು ಬಿಡಿಸಲು ಹೇಳಿ. ಅವರು ಯಾವ ಸಾಲಿನಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಗುರುತು ಹಾಕಿ, ಆ ಸಾಲನ್ನು ಬೇರೆ ರೀತಿ ಬರೆದು ನೋಡಿ.