ಹಿತ್ತಲಿಗೆ ಕನಕಾಂಬರವೋ, ದುಂಡುಮಲ್ಲಿಗೆಯೋ?

ಒಂದೆರಡು ಗುಂಟೆ ಖಾಲಿ ಇದೆ, ಹೂವಿನ ಗಿಡ ಹಾಕೋಣ ಎನ್ನುವವರು ಮಂಡ್ಯ ಸೀಮೆಯಲ್ಲಿ ಹೆಚ್ಚಾಗಿ ಎರಡರ ನಡುವೆ ತೂಗಿ ನೋಡುತ್ತಾರೆ: ಕನಕಾಂಬರ, ಇಲ್ಲವೇ ದುಂಡುಮಲ್ಲಿಗೆ. ಎರಡೂ ಪೊದೆ ಜಾತಿ. ಎರಡನ್ನೂ ಮನೆಯಲ್ಲಿ ಮುಡಿಯುವವರಿದ್ದಾರೆ, ಸಂತೆಯಲ್ಲಿ ಮೊಳ, ಮಾರಿನ ಲೆಕ್ಕದಲ್ಲಿ ಕೊಳ್ಳುವವರೂ ಇದ್ದಾರೆ. ಯಾವುದಕ್ಕೆ ರೇಟು ಜಾಸ್ತಿ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಅದನ್ನು ಆಮೇಲೆ ಕೇಳಿದರೂ ನಡೆದೀತು. ನಿಮ್ಮ ನೆಲದಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಬೆಳಗಿನ ಜಾವ ಹೂ ಬಿಡಿಸಲು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ನಾಲ್ಕೂ ಮಂಡ್ಯ ಜಿಲ್ಲೆಯ ತಾಲ್ಲೂಕುಗಳೇ ಆದರೂ ನೆಲ ಒಂದೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಯ ನಾಲೆಗಳ ಬಯಲು, ಪಾಂಡವಪುರದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲು. ಇಲ್ಲೆಲ್ಲ ಭತ್ತ ಮತ್ತು ಕಬ್ಬಿನ ಗದ್ದೆಗಳು. ಪಕ್ಕದ ಗದ್ದೆಗೆ ನೀರು ಬಿಟ್ಟರೆ ನಿಮ್ಮ ಬದುವಿನಲ್ಲೂ ಒಸರು ಬರುತ್ತದೆ. ಬಹುಕಾಲ ನೀರುಂಡ ತಗ್ಗಿನ ಜಮೀನುಗಳಲ್ಲಿ ಅಲ್ಲಲ್ಲಿ ಚೌಳೂ ಕಾಣುತ್ತದೆ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಎತ್ತರದ ಹೊಲಗಳದು ಬೇರೆ ಕಥೆ. ಕೆಂಪು ಗರಸು ಮಣ್ಣು, ಕೊಳವೆಬಾವಿ, ತೆಂಗಿನ ತೋಟ. ಅಲ್ಲಿ ನೀರು ನಿಲ್ಲುವ ಭಯವಿಲ್ಲ, ಸಾಲದಿರುವ ಚಿಂತೆಯೇ ದೊಡ್ಡದು.

ಎರಡೂ ಗಿಡಕ್ಕೆ ಬುಡದಲ್ಲಿ ನೀರು ನಿಂತರೆ ಆಗದು. ಆದರೆ ಕನಕಾಂಬರ ಸ್ವಲ್ಪವೂ ಸಹಿಸುವುದಿಲ್ಲ. ಒಂದೂವರೆ ಅಡಿ ಆಳದ ಗುಂಡಿ ತೆಗೆದು ಸಂಜೆ ನೀರು ತುಂಬಿಸಿಡಿ. ಬೆಳಿಗ್ಗೆಯೂ ನೀರು ಉಳಿದಿದ್ದರೆ ಆ ಜಾಗದಲ್ಲಿ ಕನಕಾಂಬರದ ಯೋಚನೆ ಬೇಡ. ಮಲ್ಲಿಗೆ ಹಾಕುವುದಾದರೂ ಏರುಮಡಿ ಮಾಡಿ, ನೀರು ಬಸಿಯಲು ಕಾಲುವೆ ತೆಗೆದ ಮೇಲೆಯೇ.

ಮಲ್ಲಿಗೆಯ ವಿಷಯಕ್ಕೆ ಬಂದರೆ, ಮೈಸೂರು ಮಲ್ಲಿಗೆಗೆ ಜಿಐ ಮಾನ್ಯತೆ ಸಿಕ್ಕಿರುವ ಸೀಮೆಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಕೆಲವು ಭಾಗಗಳೂ ಸೇರಿವೆ. ಇದು ಹೆಸರಿನ ಹೆಮ್ಮೆಗಷ್ಟೇ ಅಲ್ಲ, ಮೈಸೂರಿನ ಪೇಟೆ ಹತ್ತಿರವಿರುವುದೂ ಮಲ್ಲಿಗೆಗೆ ಮುಖ್ಯ. ಮಲ್ಲಿಗೆ ಕೊಯ್ಯುವುದು ಬಲಿತ, ಅರಳದ ಮೊಗ್ಗನ್ನು. ಅದು ಅದೇ ಸಂಜೆ ಅರಳುತ್ತದೆ. ಸೂರ್ಯ ಏರುವ ಮುನ್ನ ಬಿಡಿಸಿ, ಅದೇ ಬೆಳಿಗ್ಗೆ ಪೇಟೆ ಮುಟ್ಟಿಸದಿದ್ದರೆ ಬೆಲೆ ಬಿತ್ತೆಂದೇ ಲೆಕ್ಕ. ಗಂಜಾಂ ಕಡೆಯವರಿಗೆ ಮೈಸೂರಿನ ದೇವರಾಜ ಮಾರುಕಟ್ಟೆ ಕೂಗಳತೆಯಲ್ಲಿದೆ. ನಾಗಮಂಗಲದ ಒಳಹಳ್ಳಿಯವರು ಮೊದಲ ಬಸ್ಸನ್ನೇ ನಂಬಬೇಕು. ಬಸ್ಸು ತಪ್ಪಿದ ದಿನ ಮೊಗ್ಗು ಬುಟ್ಟಿಯಲ್ಲೇ ಅರಳಿ ಕೂರುತ್ತದೆ.

ನಾಟಿಗೆ ಜೂನ್‌ನಿಂದ ನವೆಂಬರ್‌ವರೆಗೆ ಕಾಲ. 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ, ಗುಂಡಿಗೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ 1.25 ಮೀಟರ್. ಹೀಗೆ ಹಾಕಿದರೆ ಗುಂಟೆಗೆ 65 ಗಿಡ ಹಿಡಿಯುತ್ತವೆ. ಬಿಸಿಲು ಪೂರ್ತಿ ಬೀಳಬೇಕು. ತೆಂಗಿನ ನೆರಳಲ್ಲಿ ಮಲ್ಲಿಗೆ ಹಬ್ಬಿ ಎಲೆ ಬಿಡುತ್ತದೆಯೇ ಹೊರತು ಮೊಗ್ಗು ಕಟ್ಟುವುದು ಕಡಿಮೆ. ಹಣ ಕಾಣುವುದು ಮೂರನೇ ವರ್ಷದಿಂದ. ಆಮೇಲೆ ಹತ್ತು ಹದಿನೈದು ವರ್ಷ ಗಿಡ ಬಾಳುತ್ತದೆ.

ಮಲ್ಲಿಗೆಯಲ್ಲಿ ಬಹುತೇಕರು ಎಡವುವುದು ಸವರುವ ಕೆಲಸದಲ್ಲಿ. ಹಸಿರಾಗಿ ಹಬ್ಬಿದ ಗಿಡಕ್ಕೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಆದರೆ ಈ ಗಿಡ ಮೊಗ್ಗು ಬಿಡುವುದೇ ಹೊಸ ಚಿಗುರಿನಲ್ಲಿ. ಮುಂಗಾರು ಭತ್ತದ ಕೊಯ್ಲಿನ ಸಮಯಕ್ಕೆ, ಅಂದರೆ ನವೆಂಬರ್ ಮಧ್ಯದಿಂದ, ಗಿಡಕ್ಕೆ ನೀರು ನಿಲ್ಲಿಸಬೇಕು. ನಾಲೆ ಬಯಲಿನ ಗದ್ದೆಗಳೂ ಆಗ ಒಣಗುತ್ತಾ ಬರುವುದರಿಂದ ಒಸರಿನ ಕಾಟವೂ ಇರುವುದಿಲ್ಲ. ತಿಂಗಳ ಕೊನೆಯ ವಾರದಲ್ಲಿ ನೆಲದಿಂದ 45ರಿಂದ 50 ಸೆಂ.ಮೀ. ಬಿಟ್ಟು ಪೂರ್ತಿ ಸವರಿ, ಒಣಗಿದ, ರೋಗ ಹಿಡಿದ ಕಡ್ಡಿ ತೆಗೆದು, ಎಲೆಗಳನ್ನೂ ಉದುರಿಸಿ. ನಂತರ ಬುಡ ಕೆದಕಿ ಗೊಬ್ಬರ ಕೊಟ್ಟು ನೀರು ಬಿಡಿ. ಒಂದು ಗಿಡಕ್ಕೆ ವರ್ಷಕ್ಕೆ 60 ಗ್ರಾಂ ಸಾರಜನಕ, ತಲಾ 120 ಗ್ರಾಂ ರಂಜಕ ಮತ್ತು ಪೊಟ್ಯಾಷ್ ಬೇಕು. ಅರ್ಧ ಸವರಿದ ಕೂಡಲೇ, ಉಳಿದರ್ಧ ಜೂನ್-ಜುಲೈನಲ್ಲಿ. ಹೀಗೆ ಮಾಡಿದ ಗಿಡ ಮಾರ್ಚ್‌ನಲ್ಲಿ ಮೊಗ್ಗು ತುಂಬಿಕೊಳ್ಳುತ್ತದೆ. ಮೇಲುಕೋಟೆಯ ವೈರಮುಡಿ, ಯುಗಾದಿಗಳ ಕಾಲಕ್ಕೆ ಹೂ ಕೈಗೆ ಬರುತ್ತದೆ.

ಮೊಗ್ಗು ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿ ಉದುರಿದರೆ ಮೊಗ್ಗು ನೊಣದ ಕೆಲಸ. ಅದರ ಮರಿ ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬುಡ ಕೆದಕಿ ಬಿಸಿಲಿಗೆ ಒಡ್ಡುವುದು, ಉದುರಿದ ಮೊಗ್ಗನ್ನು ಆರಿಸಿ ಸುಡುವುದು ಮೊದಲ ಉಪಾಯ. ಮೊಗ್ಗಿನಲ್ಲಿ ತೂತು ಕಂಡರೆ ಕೊರೆಯುವ ಹುಳು. ಶೇ 5ರ ಬೇವಿನ ಬೀಜದ ಕಷಾಯವನ್ನು ಸಂಜೆ ಹೊತ್ತು ಸಿಂಪಡಿಸಿ. ಚೌಳು ತಾಗಿದ ಜಾಗದಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಎಂದು ತಿಳಿಯಿರಿ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಕರಗಿಸಿ ಎಲೆಗೆ ಸಿಂಪಡಿಸಿದರೆ ಸುಧಾರಿಸುತ್ತದೆ. ಬಚ್ಚಲ ನೀರಿಗೆ ಮಲ್ಲಿಗೆ ನೆಡುವುದು ಹಳೆಯ ರೂಢಿ. ಈಗಿನ ಸೋಪಿನ ಪುಡಿಯ ನೀರು ಬಿದ್ದಲ್ಲೂ ಇದೇ ಹಳದಿ ಕಾಣಿಸಿಕೊಳ್ಳಬಹುದು.

ಕನಕಾಂಬರಕ್ಕೆ ವಾಸನೆಯಿಲ್ಲ. ಆದರೆ ಕಟ್ಟಿದ ಹೂ ಎರಡು ದಿನ ಬಾಡದೆ ಇರುತ್ತದೆ. ಮಲ್ಲಿಗೆಯ ಅವಸರ ಇದಕ್ಕಿಲ್ಲ. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಒಂದು ತೆನೆ ಮುಗಿಯಲು ಎರಡು ಮೂರು ವಾರ ಹಿಡಿಯುತ್ತದೆ. ದಿನ ಬಿಟ್ಟು ದಿನ ಬಿಡಿಸಿದರೆ ಸಾಕು. ಹೀಗಾಗಿ ಕೈಯಲ್ಲಿ ಆಳಿಲ್ಲದ ಮನೆಗೂ, ಪೇಟೆಯಿಂದ ದೂರದ ಹಳ್ಳಿಗೂ ಇದೇ ವಾಸಿ. ಬೆಳ್ಳೂರು ಕ್ರಾಸಿನಿಂದ ಬೆಂಗಳೂರಿಗೆ ಹೋಗುವ ಬಸ್ಸಿಗೆ ಹಾಕಿದ ಕನಕಾಂಬರ ಮಧ್ಯಾಹ್ನ ತಲುಪಿದರೂ ಕೆಟ್ಟಿರುವುದಿಲ್ಲ. ಒಂದೇ ತಾಪತ್ರಯ: ಹೂ ಹಗುರ. ಗಂಟೆಗಟ್ಟಲೆ ಕೂತು ಬಿಡಿಸಿದರೂ ತಕ್ಕಡಿ ಬಾಗುವುದಿಲ್ಲ.

ತೆಂಗಿನ ತೋಟದ ತೆಳು ನೆರಳು ಇದಕ್ಕೆ ಒಗ್ಗುತ್ತದೆ. ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿ ಮರಗಳ ನಡುವಿನ ಕೆಂಪು ಮಣ್ಣಿನ ಪಟ್ಟಿಯನ್ನು ಸುಮ್ಮನೆ ಬಿಡುವ ಬದಲು ಡ್ರಿಪ್ ಎಳೆದು ಇದನ್ನು ಹಾಕಬಹುದು. ಗುಂಟೆಗೆ ಕಾಲು ಟನ್ ಕೊಟ್ಟಿಗೆ ಗೊಬ್ಬರ ಹಾಕಿ, ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಬಿಟ್ಟು ನೆಡಿ. ಡೆಲ್ಲಿ ತಳಿಯಾದರೆ ಗಿಡದ ಅಂತರ 40 ಸೆಂ.ಮೀ. ಇರಲಿ. ಎರಡು ಮೂರು ತಿಂಗಳಲ್ಲೇ ಹೂ ಶುರು. ಒಣಗಿದ ತೆನೆಯನ್ನು ಆಗಾಗ ಚಿವುಟುತ್ತಿದ್ದರೆ ಹೊಸ ತೆನೆ ಬೇಗ ಬರುತ್ತದೆ. ಮಳೆಗಾಲದಲ್ಲಿ ಹೂ ಕಡಿಮೆ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಬೆಲೆ ಏರಿದಾಗಲೇ ತೋಟದಲ್ಲಿ ಹೂ ಇಲ್ಲದಿರುವುದು ಈ ಬೆಳೆಯ ಹಳೆಯ ಗೋಳು.

ಸಾದಾ ಕನಕಾಂಬರವನ್ನು ಬೀಜದಿಂದ ಎಬ್ಬಿಸಬಹುದು. ಒಣಗಿದ ಕಾಯಿಗೆ ನೀರು ತಾಗಿದರೆ ಟಪ್ಪೆಂದು ಸಿಡಿದು ಬೀಜ ಚೆಲ್ಲಿಬಿಡುತ್ತದೆ, ಆದ್ದರಿಂದ ಮಳೆಗೆ ಮುಂಚೆಯೇ ಆರಿಸಿಕೊಳ್ಳಬೇಕು. ಡೆಲ್ಲಿ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಂಬರ, ಅರ್ಕಾ ಕನಕ ತಳಿಗಳೂ ಇವೆ.

ಕನಕಾಂಬರವನ್ನು ಮುಗಿಸುವುದು ನೆಲದೊಳಗಿನ ಶತ್ರು. ಎಲೆ ನೇರಳೆ ಛಾಯೆಗೆ ತಿರುಗಿ, ಗಿಡ ಕುಳ್ಳಾಗಿ, ತೆನೆ ಚಿಕ್ಕದಾದರೆ ಗೊಬ್ಬರ ಸಾಲದು ಎಂದು ಯೂರಿಯಾ ಸುರಿಯುವವರೇ ಹೆಚ್ಚು. ಅದಕ್ಕೆ ಮೊದಲು ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಬೆಳ್ಳಗಿರಬೇಕಾದ ಬೇರು ಕಂದು ಕಪ್ಪಾಗಿ, ಕವಲು ಬೇರು ಸವೆದಿದ್ದರೆ ಅದು ಜಂತುಹುಳು. ಅದು ಕೊರೆದ ಗಾಯದಿಂದ ಸೊರಗು ರೋಗದ ಶಿಲೀಂಧ್ರ ಒಳಗೆ ಹೋಗುತ್ತದೆ, ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಬಂದ ಮೇಲೆ ಔಷಧಿ ಹುಡುಕಿ ಪ್ರಯೋಜನ ಕಡಿಮೆ. ನಾಟಿಗೆ ಮುಂಚೆ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ತೇವವಿಟ್ಟು, ಆಮೇಲೆ ಮಣ್ಣಿಗೆ ಸೇರಿಸಿ. ಸಾಲಿನ ನಡುವೆ ಚೆಂಡು ಹೂ ಹಾಕಿ. ಎರಡು ಮೂರು ವರ್ಷಕ್ಕೆ ತೋಟ ಕಿತ್ತ ಮೇಲೆ ಅದೇ ಜಾಗದಲ್ಲಿ ಮತ್ತೆ ಕನಕಾಂಬರ ಬೇಡ.

ಎರಡೂ ಗಿಡಕ್ಕೆ ಅನ್ವಯಿಸುವ ಇನ್ನೊಂದು ಮಾತು ಕಬ್ಬಿನ ಸೀಮೆಯವರಿಗೆ. ಪಕ್ಕದ ಕಬ್ಬಿಗೆ 2,4-ಡಿ ಕಳೆನಾಶಕ ಹೊಡೆದಾಗ ಗಾಳಿಯಲ್ಲಿ ತೇಲಿಬಂದ ಹನಿಗೆ ಹೂಗಿಡದ ಚಿಗುರು ಸುರುಟಿಕೊಳ್ಳುತ್ತದೆ. ಅದನ್ನು ನಂಜುರೋಗವೆಂದು ತಿಳಿದು ಔಷಧಿಗೆ ದುಡ್ಡು ಹಾಕುವುದು ದಂಡ. ನೆರೆಯವರಿಗೆ ಮೊದಲೇ ಹೇಳಿ, ಗಾಳಿಯಿಲ್ಲದ ಹೊತ್ತಲ್ಲಿ ಹೊಡೆಸಿ.

ಸಸಿ ಕೊಳ್ಳುವಾಗ ಹಸಿರು ಎಲೆಗೆ ಮರುಳಾಗದೆ ಒಂದು ಪಾಕೆಟ್ ಬಿಚ್ಚಿಸಿ ಬೇರು ನೋಡಿ. ಕನಕಾಂಬರದ ಜಂತುಹುಳು ಹೆಚ್ಚಿನ ಸಲ ನರ್ಸರಿ ಮಣ್ಣಿನ ಜೊತೆಯಲ್ಲೇ ಜಮೀನಿಗೆ ಬರುತ್ತದೆ. ಮಣ್ಣು ಪರೀಕ್ಷೆಗೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರವಿದೆ. ಗಿಡ ಸೊರಗುತ್ತಿದ್ದರೆ ಮಣ್ಣಿನ ಜೊತೆಗೆ ಬೇರನ್ನೂ ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ತೋರಿಸಿ.